ಹಲವು ಗಣಕಗಳ ಅಪ್‌ಡೇಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಒಂದೇ ಜಾಲಕ್ಕೆ ಸೇರಿದ 60 ಗಣಕಗಳಿವೆ. ಎಲ್ಲದರಲ್ಲೂ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದೆ. ಅಪ್‌ಡೇಟ್ ಶುರುವಾದರೆ ಇಂಟರ್ನೆಟ್ ಕುಂಟತೊಡಗುತ್ತದೆ. ಅಷ್ಟಾದ ಮೇಲೂ ಒಂದು ಗಣಕಕ್ಕೆ ಬಂದ ಆವೃತ್ತಿ ಪಕ್ಕದ ಗಣಕಕ್ಕೆ ಬಂದಿರುವುದಿಲ್ಲ. ಏನು ಮಾಡಬೇಕು?

ಉತ್ತರ: ತಾವು ಕೇಳಿರುವುದು ಎರಡು ಬೇರೆ ಬೇರೆ ತೊಂದರೆಗಳ ಬಗ್ಗೆ. ಮೊದಲನೆಯದು ಸುಲಭದ್ದು. 300 ಎಂಬಿಯಷ್ಟು ಪ್ಯಾಕೇಜ್‌ಗಳನ್ನು 60 ಗಣಕಗಳು ತಾವು ತಾವೇ ತರಿಸಿಕೊಂಡರೆ ಹೊರಗಿನಿಂದ 18 ಜಿಬಿ ಇಳಿಯಬೇಕಾಗುತ್ತದೆ. ಜಾಲದೊಳಗಿನ ಒಂದು ಗಣಕದಲ್ಲಿ ಆಪ್ಟ್-ಕ್ಯಾಚರ್-ಎನ್‌ಜಿಯಂಥ ಕ್ಯಾಶ್ ಸರ್ವರ್ (ಒಮ್ಮೆ ಬಂದ ಕಡತವನ್ನು ಉಳಿಸಿಟ್ಟು ಹಂಚುವ ತಂತ್ರಾಂಶ) ಹಾಕಿ, ಉಳಿದವುಗಳಲ್ಲಿ ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುವ ಆಪ್ಟ್ ತಂತ್ರಾಂಶದ ಸಂರಚನೆಯಲ್ಲಿ ಅದರ ವಿಳಾಸದ ಒಂದು ಸಾಲು ಸೇರಿಸಿದರೆ, ಪ್ರತಿಯೊಂದು ಪ್ಯಾಕೇಜ್ ಹೊರಗಿನಿಂದ ಒಮ್ಮೆ ಮಾತ್ರ ಬರುತ್ತದೆ. ನಡುವಿನ ಸರ್ವರನ್ನು ನಂಬಬಹುದೇ ಎಂಬ ಶಂಕೆ ಸಹಜ. ಆದರೆ ರೆಪೊಸಿಟರಿಯ (ಪ್ಯಾಕೇಜ್‌ಗಳ ಭಂಡಾರದ) ರಿಲೀಸ್ ಕಡತಕ್ಕೆ ಡಿಜಿಟಲ್ ಸಹಿ ಇರುತ್ತದೆ, ಅದರೊಳಗೆ ಪ್ಯಾಕೇಜ್ ಪಟ್ಟಿಯ ಹ್ಯಾಶ್ (ಕಡತದಿಂದ ಲೆಕ್ಕ ಹಾಕಿದ ಗುರುತು) ಇರುತ್ತದೆ, ಪಟ್ಟಿಯೊಳಗೆ ಒಂದೊಂದು ಪ್ಯಾಕೇಜ್‌ನ ಹ್ಯಾಶ್ ಇರುತ್ತದೆ. ದಾರಿಯಲ್ಲಿ ಯಾರಾದರೂ ಕಡತವನ್ನು ತಿದ್ದಿದರೆ ಈ ಸರಪಳಿ ತುಂಡಾಗಿ ಆಪ್ಟ್ ಅದನ್ನು ತಿರಸ್ಕರಿಸುತ್ತದೆ. ಒಂದು ಎಚ್ಚರಿಕೆ: ರೆಪೊಸಿಟರಿಯ ವಿಳಾಸ ಎಚ್‌ಟಿಟಿಪಿಎಸ್‌ನಲ್ಲಿದ್ದರೆ ಗೂಢಲಿಪಿಯಲ್ಲಿ ಸಾಗುವ ಕಡತ ಕ್ಯಾಶ್ ಸರ್ವರ್‌ಗೆ ಕಾಣಿಸುವುದಿಲ್ಲವಾದ್ದರಿಂದ, ಅಂಥ ರೆಪೊಸಿಟರಿಗಳಿಗೆ ಪ್ರತ್ಯೇಕ ಏರ್ಪಾಡು ಬೇಕು.

ಎರಡನೆಯ ತೊಂದರೆಗೆ ಕಾರಣ ತಮ್ಮ ಗಣಕಗಳ ದೋಷವಲ್ಲ. ಉಬುಂಟು ತನ್ನ ಸಾಮಾನ್ಯ ಅಪ್‌ಡೇಟ್‌ಗಳನ್ನು ಎಲ್ಲ ಗಣಕಗಳಿಗೂ ಒಂದೇ ದಿನ ಕೊಡದೆ ಹಂತ ಹಂತವಾಗಿ ಬಿಡುತ್ತದೆ. ಯಾವ ಗಣಕ ಯಾವ ಹಂತದಲ್ಲಿ ಬರಬೇಕೆಂಬುದನ್ನು ಆ ಗಣಕದ ಗುರುತು ಸಂಖ್ಯೆಯ ಆಧಾರದ ಮೇಲೆ ಆಪ್ಟ್ ಲೆಕ್ಕ ಹಾಕುತ್ತದೆ; ಭದ್ರತಾ ಅಪ್‌ಡೇಟ್‌ಗಳಿಗೆ ಮಾತ್ರ ಈ ಸರದಿ ಇಲ್ಲ. ಎಲ್ಲ ಗಣಕಗಳೂ ಒಂದೇ ಸ್ಥಿತಿಯಲ್ಲಿರಬೇಕಾದರೆ ನಾನು ಸೂಚಿಸುವ ದಾರಿ ಸ್ನ್ಯಾಪ್‌ಶಾಟ್. ಆಪ್ಟ್‌ಲಿಯಂಥ ಉಪಕರಣದಿಂದ ರೆಪೊಸಿಟರಿಯ ನಕಲು ಇಟ್ಟುಕೊಂಡು, ಒಂದು ದಿನಾಂಕಕ್ಕೆ ಅದನ್ನು ಹಾಗೆಯೇ ಹಿಡಿದಿಟ್ಟು, ಎಲ್ಲ ಗಣಕಗಳನ್ನೂ ಅದರತ್ತ ತಿರುಗಿಸಿ, ಆಪ್ಟ್‌ನಲ್ಲಿ ಹಂತದ ಲೆಕ್ಕವನ್ನು ಬಿಟ್ಟುಬಿಡುವಂತೆ ಹೇಳಿದರಾಯಿತು. ಆಮೇಲೆ ಒಂದೊಂದು ಗಣಕದಲ್ಲಿ ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಇದೆ ಎಂದು ಹುಡುಕಬೇಕಾಗಿಲ್ಲ; ಅದು ಯಾವ ದಿನಾಂಕದ ಸ್ನ್ಯಾಪ್‌ಶಾಟ್‌ನಲ್ಲಿದೆ ಎಂದು ನೋಡಿದರೆ ಸಾಕು.

ಪ್ರಶ್ನೆ: 2024ರ ಜುಲೈನಲ್ಲಿ ಜಗತ್ತಿನಾದ್ಯಂತ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತುಹೋದ ಮೇಲೆ, ಸ್ವಯಂಚಾಲಿತ ಅಪ್‌ಡೇಟ್‌ಗಳನ್ನೆಲ್ಲ ನಿಲ್ಲಿಸಿಬಿಡಿ ಎಂದು ನಮ್ಮ ಆಡಳಿತದವರು ಒತ್ತಾಯಿಸುತ್ತಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅವರಿಗೆ ಏನು ಹೇಳಲಿ?

ಉತ್ತರ: ಅವರ ಭಯಕ್ಕೆ ಕಾರಣವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಸಂರಚನಾ ಕಡತದ ದೋಷದಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ಗಣಕಗಳು ಕುಸಿದವು. ಕಡತವನ್ನು 78 ನಿಮಿಷಗಳಲ್ಲೇ ಹಿಂತೆಗೆದುಕೊಂಡರೂ, ಅಷ್ಟರೊಳಗೆ ಅದನ್ನು ಪಡೆದ ಗಣಕಗಳು ಆರಂಭವಾಗುವಾಗಲೇ ಕುಸಿಯುತ್ತಿದ್ದುದರಿಂದ, ಅನೇಕ ಕಡೆ ಸಿಬ್ಬಂದಿ ಒಂದೊಂದು ಗಣಕದ ಮುಂದೆಯೂ ಕುಳಿತು, ಸೇಫ್ ಮೋಡ್‌ಗೆ ಹೋಗಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಒಂದು ಆವೃತ್ತಿ ಹಿಂದೆಯೇ ಇರುತ್ತೇವೆಂದು ಮುನ್ನೆಚ್ಚರಿಕೆ ವಹಿಸಿದ್ದ ಗ್ರಾಹಕರೂ ಪಾರಾಗಲಿಲ್ಲ. ಏಕೆಂದರೆ ಆ ಆಯ್ಕೆ ಅನ್ವಯಿಸುತ್ತಿದ್ದುದು ಮೂಲ ತಂತ್ರಾಂಶಕ್ಕೆ ಮಾತ್ರ. ಇಂಥ ಕಡತಗಳು ಎಲ್ಲರಿಗೂ ಒಮ್ಮೆಲೇ ಹೋಗುತ್ತಿದ್ದವು.

ಇನ್ನು ಮತ್ತೊಂದು ಮಗ್ಗುಲನ್ನು ಅವರ ಮುಂದಿಡಿ. ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಪ್ಯಾಚ್ (ತಿದ್ದುಪಡಿ) ಬಿಡುಗಡೆ ಮಾಡಿತು. ಅದೇ ದೋಷವನ್ನು ಬಳಸಿಕೊಂಡು ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡತೊಡಗಿದ್ದು ಮೇ 12ರಂದು, ಅಂದರೆ 59 ದಿನಗಳ ನಂತರ. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಅದಕ್ಕೆ ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಒಂದು ಘಟನೆಯಲ್ಲಿ ಪರೀಕ್ಷಿಸದ ಬದಲಾವಣೆ ಎಲ್ಲರನ್ನೂ ಒಟ್ಟಿಗೆ ಮುಟ್ಟಿತು, ಇನ್ನೊಂದರಲ್ಲಿ ಸಿದ್ಧವಿದ್ದ ಪರಿಹಾರ ಎಷ್ಟೋ ಗಣಕಗಳನ್ನು ಮುಟ್ಟಲೇ ಇಲ್ಲ. ಅಪ್‌ಡೇಟ್ ನಿಲ್ಲಿಸಿದರೆ ಮೊದಲನೆಯ ಅಪಾಯ ತಪ್ಪಿ ಎರಡನೆಯದು ಖಚಿತವಾಗುತ್ತದೆ.

ಆದ್ದರಿಂದ ಗಣಕಗಳನ್ನು ತಂಡಗಳಾಗಿ ವಿಂಗಡಿಸಿ. ಮೊದಲ ತಂಡದಲ್ಲಿ ನಾಲ್ಕೈದು ಗಣಕಗಳಿದ್ದರೆ ಸಾಕು, ಆದರೆ ತಮ್ಮಲ್ಲಿರುವ ಪ್ರತಿಯೊಂದು ಬಗೆಯ ಯಂತ್ರವೂ ಅದರಲ್ಲಿರಬೇಕು ಮತ್ತು ಅವುಗಳ ಮೇಲೆ ಯಾರಾದರೂ ದಿನನಿತ್ಯದ ಕೆಲಸ ಮಾಡುತ್ತಿರಬೇಕು. ಮೂಲೆಯಲ್ಲಿ ಸುಮ್ಮನೆ ಕುಳಿತ ಪರೀಕ್ಷಾ ಗಣಕದಲ್ಲಿ ಪ್ರಿಂಟರ್ ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಕಾದು ಹತ್ತರಲ್ಲೊಂದು ಭಾಗಕ್ಕೆ, ಮತ್ತೆರಡು ದಿನ ಕಾದು ಉಳಿದವುಗಳಿಗೆ ಕೊಡಿ. ಗಂಭೀರ ಭದ್ರತಾ ದೋಷವಿದ್ದಾಗ ದಿನಗಳನ್ನು ಗಂಟೆಗಳಿಗೆ ಇಳಿಸಿ, ಆದರೆ ಮೊದಲ ತಂಡವನ್ನು ಎಂದಿಗೂ ಬಿಟ್ಟು ಮುಂದೆ ಹೋಗಬೇಡಿ. ಇಷ್ಟನ್ನು ಬರವಣಿಗೆಯಲ್ಲಿ ತೋರಿಸಿದರೆ ಆಡಳಿತದವರು ಒಪ್ಪುತ್ತಾರೆಂಬುದು ನನ್ನ ಅನುಭವ.

ಪ್ರಶ್ನೆ: ಎಲ್ಲ ಸರ್ವರ್‌ಗಳಿಗೂ ಎಸ್‌ಎಸ್‌ಎಚ್ (ದೂರದಿಂದಲೇ ಲಾಗಿನ್ ಆಗುವ ವಿಧಾನ) ಮೂಲಕ ಹೋಗಿ ಅಪ್‌ಡೇಟ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಹಲವು ಗಣಕಗಳನ್ನು ಒಟ್ಟಿಗೆ ನಿರ್ವಹಿಸುವ ಅನ್ಸಿಬಲ್, ಪಪೆಟ್ ಕಲಿಯುವ ಅಗತ್ಯವಿದೆಯೇ?

ಉತ್ತರ: ನಾನೂ ವರ್ಷಗಟ್ಟಲೆ ಅಂಥದೇ ಸ್ಕ್ರಿಪ್ಟ್ ಓಡಿಸಿದವನು. ಗಣಕಗಳ ಹೆಸರಿನ ಪಟ್ಟಿಯನ್ನು ಒಂದೊಂದಾಗಿ ಓದಿ, ಅಪ್‌ಡೇಟ್ ಮಾಡಿ, ಕೊನೆಯಲ್ಲಿ ಮುಗಿಯಿತು ಎಂದು ಅದು ತೆರೆಯ ಮೇಲೆ ಬರೆಯುತ್ತಿತ್ತು. ಒಂದು ದಿನ ಬೇರೇನೋ ಹುಡುಕುತ್ತ ಒಂದು ಗಣಕಕ್ಕೆ ಲಾಗಿನ್ ಆದಾಗ, ಅದು ಏಳು ತಿಂಗಳಿನಿಂದ ಯಾವ ಅಪ್‌ಡೇಟನ್ನೂ ಕಂಡಿಲ್ಲವೆಂಬುದು ಗೊತ್ತಾಯಿತು. ಸ್ಕ್ರಿಪ್ಟ್ ಓಡುವ ರಾತ್ರಿಯ ಹೊತ್ತಿಗೆ ಆ ಕೋಣೆಯ ಸ್ವಿಚ್ ಆರಿಸುತ್ತಿದ್ದರು. ಸಂಪರ್ಕ ಸಿಗದಿದ್ದರೆ ನನ್ನ ಸ್ಕ್ರಿಪ್ಟ್ ಮುಂದಿನ ಹೆಸರಿಗೆ ಹೋಗಿ, ಕೊನೆಗೆ ಎಂದಿನಂತೆ ಮುಗಿಯಿತು ಎನ್ನುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅನ್ಸಿಬಲ್ ಕೂಡ ಎಸ್‌ಎಸ್‌ಎಚ್ ಮೂಲಕವೇ ಕೆಲಸ ಮಾಡುತ್ತದೆ. ಆದರೆ ಸಂಪರ್ಕಕ್ಕೆ ಸಿಗದವು ಯಾವುವು, ವಿಫಲವಾದವು ಯಾವುವು, ಬದಲಾವಣೆಯಾದವು ಯಾವುವು ಎಂದು ಕೊನೆಯಲ್ಲಿ ಗಣಕವಾರು ಲೆಕ್ಕ ಕೊಡುತ್ತದೆ. ಸೀರಿಯಲ್ ಎಂಬ ಸೂಚನೆ ಕೊಟ್ಟರೆ ಒಂದು ಬಾರಿಗೆ ಇಷ್ಟೇ ಗಣಕಗಳನ್ನು ಮುಟ್ಟುತ್ತದೆ. ಪಪೆಟ್‌ನ ಕ್ರಮ ಬೇರೆ. ಪ್ರತಿ ಗಣಕದೊಳಗಿನ ಏಜೆಂಟ್, ಬದಲಾಯಿಸದಿದ್ದರೆ 30 ನಿಮಿಷಕ್ಕೊಮ್ಮೆ, ತಾನಾಗಿಯೇ ಸರ್ವರನ್ನು ಕೇಳುತ್ತದೆ. ಆರಿಸಿಟ್ಟ ಗಣಕ ಮತ್ತೆ ಚಾಲೂ ಆದಾಗ ತನ್ನ ಪಾಲಿನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಆಗಾಗ ಆರಿಹೋಗುವ ಗಣಕಗಳು ಹೆಚ್ಚಿದ್ದರೆ ಎರಡನೆಯದು, ಸದಾ ಚಾಲೂ ಇರುವ ಸರ್ವರ್‌ಗಳಿಗೆ ಮೊದಲನೆಯದು ಎಂಬುದು ನನ್ನ ಸಲಹೆ.

ಪ್ರಶ್ನೆ: ಪ್ಯಾಕೇಜ್ ಅಪ್‌ಡೇಟ್ ಆಗಿದೆ, ಆದರೂ ಭದ್ರತಾ ಸ್ಕ್ಯಾನರ್ ಹಳೆಯ ದೋಷವನ್ನೇ ತೋರಿಸುತ್ತಿದೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ಸಾಧ್ಯತೆಗಳನ್ನು ನೋಡಬೇಕು. ಸ್ಕ್ಯಾನರ್ ಕೇವಲ ಆವೃತ್ತಿ ಸಂಖ್ಯೆಯನ್ನು ನೋಡಿ ತಪ್ಪು ಹೇಳುತ್ತಿರಬಹುದು. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವನ್ನು, ಗೂಢಲಿಪೀಕರಣದ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನವರು 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿದರು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು ಮಾತ್ರ ತಮ್ಮ ಸ್ಥಿರ ಆವೃತ್ತಿಯಲ್ಲಿದ್ದ 1.0.1ಇಯನ್ನೇ ಉಳಿಸಿಕೊಂಡು, ಅದಕ್ಕೆ ತಿದ್ದುಪಡಿಯನ್ನಷ್ಟೇ ಸೇರಿಸಿ, ಪ್ಯಾಕೇಜ್ ಸಂಖ್ಯೆಯ ಬಾಲವನ್ನು ಬದಲಿಸಿದರು. ಬಾಲವನ್ನು ಓದದ ಸ್ಕ್ಯಾನರ್‌ಗೆ ಅದು ಹಳೆಯದಾಗಿಯೇ ಕಾಣುತ್ತದೆ. ವಿತರಣೆಯ ಭದ್ರತಾ ಪ್ರಕಟಣೆಯಲ್ಲಿರುವ ಪೂರ್ಣ ಸಂಖ್ಯೆಯೊಂದಿಗೆ ಹೋಲಿಸಿದರೆ ಇದು ಇತ್ಯರ್ಥವಾಗುತ್ತದೆ.

ಎರಡನೆಯ ಸಾಧ್ಯತೆ ಹೆಚ್ಚು ಅಪಾಯಕಾರಿ, ಅಲ್ಲಿ ಸ್ಕ್ಯಾನರ್ ಹೇಳುವುದೇ ನಿಜ. ಲಿನಕ್ಸ್‌ನಲ್ಲಿ ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್‌ನ) ಹೊಸ ಕಡತ ಡಿಸ್ಕ್‌ಗೆ ಬಂದರೂ, ಮೊದಲೇ ಓಡುತ್ತಿರುವ ವೆಬ್ ಸರ್ವರ್ ಹಳೆಯ ಕಡತವನ್ನು ಮೆಮೊರಿಯಲ್ಲಿ ಹಿಡಿದುಕೊಂಡೇ ಇರುತ್ತದೆ. ತೆರೆದಿರುವ ಕಡತಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಆದೇಶ ಕೊಟ್ಟು ನೋಡಿ: ಲೈಬ್ರರಿಯ ಹೆಸರಿನ ಸಾಲಿನಲ್ಲಿ ಡಿಇಎಲ್ ಎಂಬ ಮೂರಕ್ಷರ ಕಂಡರೆ, ಡಿಸ್ಕ್‌ನಿಂದ ಅಳಿಸಿಹೋದ ಕಡತದ ಮೇಲೆ ಆ ಪ್ರೋಗ್ರಾಂ ಇನ್ನೂ ನಡೆಯುತ್ತಿದೆ ಎಂದರ್ಥ. ಅದನ್ನು ರೀಸ್ಟಾರ್ಟ್ ಮಾಡುವವರೆಗೆ ತಿದ್ದುಪಡಿ ಜಾರಿಗೆ ಬಂದಿಲ್ಲ. ನೀಡ್‌ರೀಸ್ಟಾರ್ಟ್ ಎಂಬ ಉಪಕರಣ ಈ ಹುಡುಕಾಟವನ್ನು ತಾನೇ ಮಾಡುತ್ತದೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ವಿಷಯದಲ್ಲಿ, ಓಡುತ್ತಿರುವಾಗಲೇ ತಿದ್ದುವ ಲೈವ್ ಪ್ಯಾಚ್ ವ್ಯವಸ್ಥೆ ಇಲ್ಲದಿದ್ದರೆ, ಗಣಕವನ್ನೇ ರೀಬೂಟ್ ಮಾಡಬೇಕು. ಹಾಗಾಗಿ ತಮ್ಮ ಪಟ್ಟಿಯಲ್ಲಿ ಪ್ರತಿ ಗಣಕಕ್ಕೂ ಎರಡು ಕಾಲಂಗಳಿರಲಿ, ಸ್ಥಾಪನೆಯಾಗಿರುವ ಕರ್ನಲ್ ಯಾವುದು, ಓಡುತ್ತಿರುವ ಕರ್ನಲ್ ಯಾವುದು. ಎರಡೂ ಹೊಂದಿಕೆಯಾಗದ ಸಾಲುಗಳೇ ತಮ್ಮ ಮುಂದಿನ ರೀಬೂಟ್ ಸರದಿ.

ಪ್ರಶ್ನೆ: ಒಂದು ಹಳೆಯ ತಂತ್ರಾಂಶಕ್ಕಾಗಿ ಒಂದು ಪ್ಯಾಕೇಜನ್ನು ಹೋಲ್ಡ್ ಮಾಡಿ, ಅಂದರೆ ಅಪ್‌ಡೇಟ್ ಆಗದಂತೆ ತಡೆದು, ಇಟ್ಟಿದ್ದೇವೆ. ತಪ್ಪೇ?

ಉತ್ತರ: ಸ್ವಲ್ಪ ಕಾಲಕ್ಕಾದರೆ ತಪ್ಪಲ್ಲ. ಆದರೆ ಹೋಲ್ಡ್ ಮಾಡಿದ ಪ್ಯಾಕೇಜ್ ತನ್ನನ್ನು ಅವಲಂಬಿಸಿದ ಬೇರೆ ಪ್ಯಾಕೇಜ್‌ಗಳ ಭದ್ರತಾ ಅಪ್‌ಡೇಟನ್ನೂ ತಡೆಯಬಲ್ಲದು. ಯಾರು, ಏಕೆ, ಎಂದಿನವರೆಗೆ ಎಂಬುದನ್ನು ಬರೆದಿಡಿ. ಅವಧಿ ಮುಗಿದರೂ ಬಿಡಲಾಗದಿದ್ದರೆ ಆ ತಂತ್ರಾಂಶವನ್ನು ಪ್ರತ್ಯೇಕ ವರ್ಚುವಲ್ ಯಂತ್ರಕ್ಕೆ ಸ್ಥಳಾಂತರಿಸಿ, ಅದಕ್ಕೆ ಬೇಕಾದ ಪೋರ್ಟ್‌ಗಳನ್ನು ಮಾತ್ರ ಫೈರ್‌ವಾಲ್‌ನಲ್ಲಿ ತೆರೆದಿಟ್ಟು, ಉಳಿದ ಗಣಕಗಳ ಮೇಲಿನ ಹೋಲ್ಡ್ ತೆಗೆಯಿರಿ.