ಮೀಸೆ ಕತ್ತರಿಸಿದ ಮೇಲೆ ಬೆಕ್ಕು ತಡವರಿಸುತ್ತಿದೆ

ಪ್ರಶ್ನೆ: ನಮ್ಮ ಬೆಕ್ಕಿಗೆ ಎರಡು ವರ್ಷ. ಕಳೆದ ವಾರ ಆರು ವರ್ಷದ ಮಗಳು ಆಟವಾಡುತ್ತಾ ಅದರ ಬಲಗಡೆಯ ಮೀಸೆಯನ್ನೆಲ್ಲ ಕತ್ತರಿಸಿಬಿಟ್ಟಳು. ಅಂದಿನಿಂದ ಅದು ಕುರ್ಚಿಯ ಕಾಲಿಗೆ ಮುಖ ತಾಗಿಸಿಕೊಳ್ಳುತ್ತಿದೆ, ಕಿಟಕಿಗೆ ನೆಗೆಯಲು ಹಿಂಜರಿಯುತ್ತಿದೆ. ಮೀಸೆ ಎಂದರೆ ಬರೀ ಕೂದಲಲ್ಲವೇ? ಮತ್ತೆ ಬೆಳೆಯುತ್ತದೆಯೇ? ಎಡಗಡೆಯದನ್ನೂ ಕತ್ತರಿಸಿ ಸಮ ಮಾಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದೇ ಅವಸರದ್ದು. ದಯವಿಟ್ಟು ಎಡಗಡೆಯ ಮೀಸೆಯನ್ನು ಮುಟ್ಟಬೇಡಿ. ಈಗ ನಿಮ್ಮ ಬೆಕ್ಕು ಅದನ್ನೇ ನಂಬಿಕೊಂಡು ಓಡಾಡುತ್ತಿದೆ.

ಮೀಸೆ ಮತ್ತೆ ಬೆಳೆಯುತ್ತದೆ. ಕತ್ತರಿಸುವಾಗ ನೋವೂ ಆಗಿರುವುದಿಲ್ಲ; ಎಳೆಯೊಳಗೆ ನರವಿಲ್ಲ. ಆದರೆ ಅದು ಬರೀ ಕೂದಲು ಎಂಬುದನ್ನು ನಾನು ಒಪ್ಪಲಾರೆ. ಸಂಗತಿ ಇರುವುದು ಬುಡದಲ್ಲಿ. ಮೈಮೇಲಿನ ರೋಮಕ್ಕಿಂತ ಮೀಸೆಯ ಎಳೆ ದಪ್ಪ, ಅದರ ಬೇರು ಚರ್ಮದೊಳಗೆ ಬಹಳ ಆಳಕ್ಕೆ ಇಳಿದಿರುತ್ತದೆ. ಬೇರಿನ ಸುತ್ತ ರಕ್ತ ತುಂಬಿದ ಪುಟ್ಟ ಚೀಲವಿದೆ, ಅದಕ್ಕೆ ನರಗಳ ತುದಿಗಳು ಹೆಣೆದುಕೊಂಡಿವೆ. ಎಳೆಯ ತುದಿ ಕೂದಲೆಳೆಯಷ್ಟು ಬಾಗಿದರೂ ಸಾಕು, ಬುಡ ಅಲುಗಿ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಕತ್ತಲೆಯಲ್ಲಿ ನಾವು ಕೈಚಾಚಿ ಗೋಡೆ ತಡಕುವಂತೆ ಬೆಕ್ಕು ಮೀಸೆಯಿಂದ ತಡಕುತ್ತದೆ. ಹತ್ತಿರದ ವಸ್ತುವಿಗೆ ಬಡಿದು ಮರಳುವ ಗಾಳಿಯ ಸುಳಿಯನ್ನೂ ಅದು ಗುರುತಿಸಬಲ್ಲದು.

ಬೆಕ್ಕಿನ ಕಣ್ಣು ಚುರುಕಲ್ಲವೇ ಎಂದು ನೀವು ಕೇಳಬಹುದು. ಮಬ್ಬುಬೆಳಕಿನಲ್ಲಿ ಚುರುಕು, ಆದರೆ ಮೂಗಿನ ಮುಂದಿನ ಸುಮಾರು ಒಂದು ಅಡಿಯೊಳಗಿನದು ಅದಕ್ಕೆ ಮಸುಕು. ಆ ಕೊರತೆಯನ್ನು ಮೀಸೆ ತುಂಬಿಕೊಡುತ್ತದೆ. ಬೆಕ್ಕು ಆಟಿಕೆಯ ಇಲಿಯನ್ನು ಕಚ್ಚುವ ಗಳಿಗೆಯನ್ನು ಗಮನಿಸಿ: ಅಗಲಕ್ಕೆ ಚಾಚಿದ್ದ ಮೀಸೆ ಒಮ್ಮೆಲೇ ಮುಂದಕ್ಕೆ ಬಾಗಿ, ಬಾಯಿಯ ಮುಂದೆ ಬುಟ್ಟಿ ಹಿಡಿದಂತೆ ಇಲಿಯನ್ನು ಸುತ್ತುವರಿಯುತ್ತದೆ. ಬೇಟೆ ಎಲ್ಲಿದೆ, ಯಾವ ಕಡೆ ಮಿಸುಕುತ್ತಿದೆ ಎಂಬುದು ಆಗ ಅದಕ್ಕೆ ಸ್ಪರ್ಶದಿಂದಲೇ ತಿಳಿಯುತ್ತದೆ. ಎಷ್ಟೋ ವರ್ಷಗಳಿಂದ ಬೆಕ್ಕುಗಳನ್ನು ನೋಡುತ್ತಿದ್ದರೂ ಈ ಒಂದು ಚಲನೆಯನ್ನು ಕಂಡಾಗಲೆಲ್ಲ ಬೆರಗಾಗುತ್ತೇನೆ.

ಸಾಮಾನ್ಯವಾಗಿ ಮೂತಿಯ ಒಂದೊಂದು ಕಡೆ ಹನ್ನೆರಡರಷ್ಟು ಎಳೆಗಳು ನಾಲ್ಕು ಸಾಲಿನಲ್ಲಿರುತ್ತವೆ. ಹುಬ್ಬಿನ ಜಾಗದಲ್ಲಿ, ಗದ್ದದಲ್ಲಿ, ಮುಂಗಾಲಿನ ಹಿಂಬದಿಯಲ್ಲೂ ಇಂಥವೇ ಎಳೆಗಳಿವೆ. ಕಣ್ಣಿನ ಮೇಲಿನದಕ್ಕೆ ಏನಾದರೂ ತಾಗಿದರೆ ಕಣ್ಣು ತಟ್ಟನೆ ಮುಚ್ಚಿಕೊಳ್ಳುತ್ತದೆ. ಮೀಸೆಯಲ್ಲಿ ಮನಸ್ಸೂ ಕಾಣುತ್ತದೆ. ನೆಮ್ಮದಿಯಾಗಿದ್ದರೆ ಅದು ಪಕ್ಕಕ್ಕೆ ಸಡಿಲವಾಗಿರುತ್ತದೆ, ಹೆದರಿದರೆ ಕೆನ್ನೆಗೆ ಒತ್ತಿಕೊಳ್ಳುತ್ತದೆ. ಸಂದಿಯಲ್ಲಿ ಮೈ ನುಸುಳುತ್ತದೆಯೇ ಎಂಬುದನ್ನು ಅಳೆಯಲೂ ಮೀಸೆ ನೆರವಾಗುತ್ತದೆ. ಆದರೆ ಬೆಕ್ಕು ದಪ್ಪಗಾದಷ್ಟೂ ಮೀಸೆ ಉದ್ದವಾಗುವುದಿಲ್ಲ.

ಬುಡ ಹಾಗೇ ಉಳಿದಿರುವುದರಿಂದ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ಮೀಸೆ ಮೊದಲಿನಂತಾಗುತ್ತದೆ. ಅಲ್ಲಿಯವರೆಗೆ ಬೆಕ್ಕನ್ನು ಹೊರಗೆ ಬಿಡಬೇಡಿ, ಮನೆಯ ಸಾಮಾನುಗಳ ಜಾಗ ಬದಲಿಸಬೇಡಿ, ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಆಹಾರವನ್ನು ಆಳವಾದ ಬಟ್ಟಲಿಗಿಂತ ಅಗಲ ತಟ್ಟೆಯಲ್ಲಿ ಕೊಟ್ಟು ನೋಡಿ; ಕೆಲವು ಬೆಕ್ಕುಗಳಿಗೆ ಅದು ಹಿತ. ಮಗಳನ್ನು ಬೈಯುವ ಅಗತ್ಯವಿಲ್ಲ. ಬೆಕ್ಕು ಆಡುವಾಗ ಪಕ್ಕದಲ್ಲಿ ಕೂರಿಸಿಕೊಂಡು ಆ ಮೀಸೆಯ ಚಲನೆಯನ್ನು ತೋರಿಸಿ.

ಮೀಸೆಯ ಒಂದೆರಡು ಎಳೆ ತಾನಾಗಿ ಉದುರುವುದು ಸಹಜ. ಆದರೆ ಎಳೆಯನ್ನು ಕಿತ್ತರೆ ಬೆಕ್ಕಿಗೆ ತುಂಬಾ ನೋವಾಗುತ್ತದೆ. ಒಮ್ಮೆಗೇ ಹಲವು ಎಳೆಗಳು ಉದುರಿ ಬುಡ ಕೆಂಪಗಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ನಿಮ್ಮ ಬೆಕ್ಕು ಮೀಸೆ ಇರುವ ಎಡಗಡೆಗೂ ಮುಖ ತಾಗಿಸಿಕೊಳ್ಳುತ್ತಿದ್ದರೆ ತಡಮಾಡದೆ ಕಣ್ಣಿನ ಪರೀಕ್ಷೆ ಮಾಡಿಸಿ. ಆಗ ತೊಂದರೆ ಮೀಸೆಯದ್ದಲ್ಲದೆಯೂ ಇರಬಹುದು.