ಪೀಪಾಯಿಗೆ ಕಡಲಿನ ಉಪ್ಪು ಇಳಿಯುತ್ತದೆಯೇ?

ಪ್ರಶ್ನೆ: ಮಗ ಸ್ಕಾಟ್ಲೆಂಡಿನಿಂದ ತಂದುಕೊಟ್ಟ 25 ವರ್ಷದ ಓಲ್ಡ್ ಪಲ್ಟ್ನಿ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸವಿದಾಗ ನಾಲಗೆಯ ಅಂಚಿನಲ್ಲಿ ಉಪ್ಪು ಸುಳಿದಂತಾಯಿತು. ಕಡಲ ಗಾಳಿ ಪೀಪಾಯಿಯೊಳಗೆ ನುಸುಳುವುದೇ ಇದಕ್ಕೆ ಕಾರಣವೆಂದು ಅವನು ವಾದಿಸುತ್ತಾನೆ. ಇದು ನಿಜವೇ? ಉಳಿದದ್ದನ್ನು ಹತ್ತು ವರ್ಷ ಮುಚ್ಚಿಟ್ಟರೆ ರುಚಿ ಹೆಚ್ಚುವುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ತಮ್ಮ ನಾಲಗೆ ಸುಳ್ಳು ಹೇಳಿಲ್ಲ, ಆದರೆ ಮಗ ಕೊಟ್ಟ ಕಾರಣವನ್ನು ಒಪ್ಪುವುದು ಕಷ್ಟ. ಭಟ್ಟಿ ಇಳಿಸುವಾಗ ಆವಿಯೊಂದಿಗೆ ಉಪ್ಪು ಮೇಲೇರುವುದಿಲ್ಲ. ಆಮೇಲೆ ವರ್ಷಗಟ್ಟಲೆ ಮಾಗಲು ಇಡುವ ಓಕ್ ಮರದ ಪೀಪಾಯಿಯ ಮೂಲಕ ಏನಾದರೂ ಒಳಸೇರಿದರೂ ಅದು ನಾಲಗೆ ಗುರುತಿಸುವ ಮಟ್ಟಕ್ಕಿಂತ ಬಹಳ ಕೆಳಗೇ ಉಳಿಯುತ್ತದೆ.

ಈ ವಿಸ್ಕಿಯ ಭಟ್ಟಿ ಇರುವುದು ಸ್ಕಾಟ್ಲೆಂಡಿನ ಈಶಾನ್ಯ ತುದಿಯ ವಿಕ್ ಎಂಬ ಬಂದರಿನಲ್ಲಿ. ಹೆರಿಂಗ್ ಮೀನಿನ ವ್ಯಾಪಾರದಿಂದ ಬೆಳೆದ ಈ ಊರಿನಲ್ಲಿ 1826ರಲ್ಲಿ ಅದು ಆರಂಭವಾಯಿತು. (ಇದೇ ಊರಿನಲ್ಲಿ 1922ರಿಂದ 1947ರವರೆಗೆ ಪಾನನಿಷೇಧವಿತ್ತೆಂಬುದು ಬೇರೆ ಮಾತು.) ಅಲ್ಲಿನ ಮೊದಲ ಹಂತದ ಹಂಡೆಗೆ ಹಂಸದ ಕತ್ತಿನಂಥ ಕೊಳವೆಯಿಲ್ಲ, ತಲೆಯನ್ನೇ ಕೊಯ್ದಂತೆ ಚಪ್ಪಟೆಯಾಗಿದೆ, ಆವಿಯನ್ನು ತಣ್ಣೀರಿನ ತೊಟ್ಟಿಯೊಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆಯಲ್ಲಿ ತಣಿಸುತ್ತಾರೆ. ಇದರಿಂದ ಇಳಿಯುವ ರಸ ತುಸು ಎಣ್ಣೆಯಂತೆ ದಪ್ಪಗಿರುತ್ತದೆ. ಆ ಜಿಡ್ಡು, ಗಂಧಕದ ಸಣ್ಣ ಛಾಯೆ ಮತ್ತು ಮರದ ಒಗರು ಒಟ್ಟಿಗೆ ಬಂದಾಗ, ಸಿಹಿ ಕಡಿಮೆಯಿರುವ ಆ ಒಣ ರುಚಿಯನ್ನೇ ನಾವು ಉಪ್ಪೆಂದು ಗ್ರಹಿಸುತ್ತೇವೆಂಬುದು ನನ್ನ ಅಭಿಪ್ರಾಯ. ಬಾಟಲಿಯ ಮೇಲಿನ ಹಡಗಿನ ಚಿತ್ರವೂ ಅದಕ್ಕೆ ಒತ್ತಾಸೆ ನೀಡುತ್ತದೆ!

ದೀರ್ಘ ಕಾಲ ಕಳೆದಂತೆ ಮಾತ್ರ ಕಡಲು ಹಿಂದೆ ಸರಿದು ಮರ ಮುಂದೆ ಬರುತ್ತದೆ. ಓಕ್‌ನಿಂದ ವೆನಿಲ್ಲಾ ಪರಿಮಳವೂ ಲ್ಯಾಕ್ಟೋನ್ ಎಂಬ ಅಂಶದಿಂದ ಕೊಬ್ಬರಿಯ ವಾಸನೆಯೂ ಇಳಿಯುತ್ತವೆ. ಲೋಟಕ್ಕೆ ನಾಲ್ಕು ಹನಿ ನೀರು ಬೆರೆಸಿ ಎರಡು ನಿಮಿಷ ಬಿಟ್ಟು ಮೂಸಿ ನೋಡಿ: ಆಗತಾನೇ ಒಡೆದ ಕೊಬ್ಬರಿ ಗಿಟುಕಿನ ನೆನಪು ತಮಗೆ ಬಂದೀತು. ಐಲಾದಂಥ ಸ್ಕಾಟಿಷ್ ದ್ವೀಪಗಳ ಹೊಗೆ ವಾಸನೆಯ ವಿಸ್ಕಿಗಳಲ್ಲೂ ವಯಸ್ಸಾದಂತೆ ಹೊಗೆಯ ಖಾರ ತಗ್ಗುತ್ತದೆ. ಕಡಲಿನ ಗುಣವೇ ಬೇಕೆನ್ನುವವರಿಗೆ ನಾನು 12 ವರ್ಷದ್ದನ್ನೇ ಸೂಚಿಸುತ್ತೇನೆ, ಬೆಲೆಯೂ ಕಡಿಮೆ.

ಇಷ್ಟು ವರ್ಷ ಕಾಯಲು ಸಾಧ್ಯವಾಗುವುದು ಅಲ್ಲಿನ ತಂಪು ಹವೆಯಿಂದ. ಅಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ ಎಂದರೂ 25 ವರ್ಷಕ್ಕೆ 100 ಲೀಟರಿನಲ್ಲಿ ಉಳಿಯುವುದು 60 ಲೀಟರ್ ಮಾತ್ರ. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ವರ್ಷಕ್ಕೆ ಶೇ. 10ಕ್ಕೂ ಹೆಚ್ಚು ಹಾರಿಹೋಗುವುದರಿಂದ ಅಷ್ಟು ಕಾದರೆ ಪೀಪಾಯಿ ಹೆಚ್ಚುಕಡಿಮೆ ಬರಿದಾದೀತು.

ಇನ್ನು ಮುಚ್ಚಿಡುವ ವಿಚಾರ. ಗಾಜಿನೊಳಗೆ ವಿಸ್ಕಿ ಮಾಗುವುದಿಲ್ಲ. 25 ವರ್ಷದ್ದು ಮುಂದೆಯೂ 25 ವರ್ಷದ್ದೇ. ತೆರೆದ ಬಾಟಲಿಯೊಳಗೆ ಗಾಳಿಯ ಜಾಗ ಹೆಚ್ಚಿದಷ್ಟೂ ಪರಿಮಳ ಮಂಕಾಗುತ್ತದೆ. ಕಾರ್ಕ್ ಹಾಳಾಗದಂತೆ ಬಾಟಲಿಯನ್ನು ಮಲಗಿಸದೆ ನೆಟ್ಟಗೆ, ಬಿಸಿಲು ಬೀಳದ ಕಪಾಟಿನಲ್ಲಿಡಿ, ಮತ್ತು ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಂದು ವರ್ಷದೊಳಗೆ ಮುಗಿಸಿ.