ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ?

ಕಾರ್ನ್ ಅಂದರೆ ಮೆಕ್ಕೆಜೋಳ, ಡಿಕ್ಷನರಿಯಲ್ಲಿ ಕಾಲಿನ ಆಣಿ ಅಂತಲೂ ಇದೆ, ಇದನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಮೊದಲು ಅದು ಒಂದೇ ಪದವಾ, ಎರಡು ಪದವಾ ಅಂತ ನೋಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕಾರ್ನ್ ನಿಜವಾಗಿ ಎರಡು ಪದ. ಕಾಳು ಅನ್ನುವ ಕಾರ್ನ್ ಹಳೆಯ ಇಂಗ್ಲಿಷಿನದು. ಮೊದಲು ಅದು ಯಾವ ಧಾನ್ಯಕ್ಕಾದರೂ ಸಲ್ಲುತ್ತಿತ್ತು. ಇಂಗ್ಲೆಂಡಿನಲ್ಲಿ 1815ರಿಂದ 1846ರವರೆಗೆ ಇದ್ದ, ಹೊರಗಿಂದ ಬರುವ ಧಾನ್ಯಕ್ಕೆ ತಡೆ ಹಾಕುತ್ತಿದ್ದ ಕಾರ್ನ್ ಕಾಯ್ದೆಗಳು ಮುಖ್ಯವಾಗಿ ಗೋಧಿಯಂಥ ಧಾನ್ಯಗಳ ಬಗ್ಗೆ, ನಮ್ಮ ದಾವಣಗೆರೆ ಸೀಮೆಯ ಹೊಲಗಳಲ್ಲಿ ಕಾಣುವ ಮೆಕ್ಕೆಜೋಳದ ಬಗ್ಗೆ ಅಲ್ಲ. ಅಮೆರಿಕಕ್ಕೆ ಹೋದ ಇಂಗ್ಲಿಷರು ಅಲ್ಲಿನ ಮೆಕ್ಕೆಜೋಳಕ್ಕೆ ಇಂಡಿಯನ್ ಕಾರ್ನ್ ಅಂದರು, ಆಮೇಲೆ ಬರೀ ಕಾರ್ನ್ ಉಳಿಯಿತು. ಕಾಲಿನ ಆಣಿಯ ಕಾರ್ನ್ ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದದ್ದು. ಮೂಲದಲ್ಲಿ ಅದರ ಅರ್ಥ ಕೊಂಬು. ಆಣಿ ಕೊಂಬಿನ ಹಾಗೆ ಗಟ್ಟಿ ಅಲ್ವಾ, ಅದಕ್ಕೇ ಆ ಹೆಸರು.

ಮಿಲ್ ಹಾಗಲ್ಲ, ಅದು ಒಂದೇ ಪದ. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು ತಂದದ್ದೇ ಕಾಟನ್ ಮಿಲ್ಲುಗಳು. ಲ್ಯಾಟಿನ್ನಿನಲ್ಲಿ ಇದರ ಬೇರು ಬೀಸುವುದು ಅಂತ. ಹತ್ತಿ ನೂಲುವ ಕಡೆ ಏನನ್ನು ಬೀಸುತ್ತಾರೆ? ಏನೂ ಇಲ್ಲ. ಆದರೆ ಹಿಟ್ಟು ಬೀಸುವ ಕಲ್ಲನ್ನು ತಿರುಗಿಸಲು ಹರಿಯುವ ನೀರಿನ ಚಕ್ರ ಬಳಸುತ್ತಿದ್ದರು, ಅಂಥದೇ ಚಕ್ರದಿಂದ ಬೇರೆ ಯಂತ್ರಗಳನ್ನೂ ನಡೆಸತೊಡಗಿದಾಗ ಅವಕ್ಕೂ ಮಿಲ್ ಅನ್ನುವ ಹೆಸರೇ ಅಂಟಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಅನ್ನುವ ಉದ್ಯಮಿ ಇಂಗ್ಲೆಂಡಿನ ಕ್ರಾಮ್‌ಫರ್ಡ್ ಊರಿನಲ್ಲಿ ಶುರು ಮಾಡಿದ ನೂಲಿನ ಮಿಲ್ ನೀರಿನ ಬಲದಿಂದಲೇ ನಡೆಯುತ್ತಿತ್ತು. ಮುಂದೆ ಉಗಿ ಬಂತು, ಕರೆಂಟು ಬಂತು, ಹೆಸರು ಮಾತ್ರ ಬದಲಾಗಲಿಲ್ಲ. ನಾವೂ ಹಿಟ್ಟಿನ ಗಿರಣಿ, ಬಟ್ಟೆ ಗಿರಣಿ ಎರಡನ್ನೂ ಗಿರಣಿ ಅಂತಲೇ ಕರೆಯುತ್ತೇವೆ.

ಅದೇ ಬೇರಿನ ನಂಟು ಹಿಟ್ಟು ಅನ್ನುವ ಅರ್ಥದ ಮೀಲ್ ಪದಕ್ಕೂ ಇದೆ. ಊಟದ ಮೀಲ್ ಮಾತ್ರ ಬೇರೆ, ಅದರ ಹಳೆಯ ಅರ್ಥ ಹೊತ್ತು, ಗೊತ್ತಾದ ಸಮಯ.

ಹೀಗೆ ಬೇರೆ ಬೇರೆ ಪದಗಳು ಒಂದೇ ರೂಪಕ್ಕೆ ಬರಲು ಕಾರಣ ಇಂಗ್ಲಿಷಿನ ಇತಿಹಾಸ. ಇಂಗ್ಲೆಂಡಿನವರ ಮಾತಿಗೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ವೈಕಿಂಗರ ಪದಗಳು ಸೇರಿದವು, 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದವು, ಆಮೇಲೆ ಕಾಲ ಕಳೆದಂತೆ ಉಚ್ಚಾರ ಸವೆದು ಕೆಲವು ಪದಗಳು ಒಂದೇ ಥರ ಕೇಳತೊಡಗಿದವು. ಕನ್ನಡದಲ್ಲೂ ಹತ್ತು ರೂಪಾಯಿಯ ಹತ್ತು, ದುರ್ಗದ ಕೋಟೆ ಹತ್ತು ಅನ್ನುವಾಗಿನ ಹತ್ತು ಒಂದೇ ಥರ ಕೇಳುತ್ತವೆ, ನಮಗೇನೂ ತೊಡಕಾಗುವುದಿಲ್ಲ.

ಬ್ಯಾಂಕ್ ಮಾತ್ರ ಸ್ವಲ್ಪ ತಂಟೆಯದು. ನದಿ ದಂಡೆಯ ಬ್ಯಾಂಕ್ ಸ್ಕ್ಯಾಂಡಿನೇವಿಯಾ ಕಡೆಯದು. ದುಡ್ಡಿನ ಬ್ಯಾಂಕ್ ಇಟಲಿಯದು, ಹಣ ಬದಲಿಸುವವರ ಬೆಂಚು ಅಂತ ಅರ್ಥ. ಇನ್ನೂ ಹಿಂದಕ್ಕೆ ಹೋದರೆ ಎರಡೂ ಜರ್ಮನಿಕ್, ಅಂದರೆ ಇಂಗ್ಲಿಷ್, ಜರ್ಮನ್ ಭಾಷೆಗಳ ಕುಟುಂಬದ, ಒಂದೇ ಬೇರಿಗೆ ಸೇರುತ್ತವೆ!

ದೊಡ್ಡ ಡಿಕ್ಷನರಿಗಳಲ್ಲಿ ಸಾಮಾನ್ಯವಾಗಿ ಬೇರೆ ಮೂಲದ ಪದಕ್ಕೆ ಬೇರೆ ನಮೂದು ಇರುತ್ತದೆ, ಪಕ್ಕದಲ್ಲಿ ಪುಟ್ಟದಾಗಿ 1, 2 ಅಂತ ಹಾಕಿರುತ್ತಾರೆ. ಒಂದೇ ನಮೂದಿನೊಳಗೆ ಹಲವು ಅರ್ಥ ಇದ್ದರೆ ಅದು ಮಿಲ್ ಥರದ್ದು. ಮ್ಯಾಚ್ ಪದವನ್ನು ತೆಗೆದು ನೋಡಿ, ಬೆಂಕಿಕಡ್ಡಿಗೂ ಕ್ರಿಕೆಟ್ ಪಂದ್ಯಕ್ಕೂ ಎರಡು ನಮೂದು ಸಿಗುತ್ತವೆ: ಕಡ್ಡಿಯ ಮ್ಯಾಚ್ ಬತ್ತಿ ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು, ಪಂದ್ಯದ ಮ್ಯಾಚ್ ಜೊತೆಗಾರ ಅನ್ನುವ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ.